ಗಂಜಿ ಬಟ್ಟಲಿನ ಅಂಚು

ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ ನಾವು ನಾಲ್ವರು ಗೆಳೆಯರು ರಜೆ ಸಿಕ್ಕಿದಾಗಲೆಲ್ಲ ಹಾಯಿದೋಣಿಯಲ್ಲಿ ಹೊರಡುತ್ತಿದ್ದೆವು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರು ದಕ್ಷಿಣ ಕನ್ನಡದ ಮಡಂತ್ಯಾರಿನವರು, ಅಡುಗೆ ಅವರದ್ದೇ. ದಿನಾ ಬೆಳಿಗ್ಗೆ ಎಲ್ಲರಿಗೂ ಕುಚ್ಚಲಕ್ಕಿ ಗಂಜಿ ಬಡಿಸಿ, ತಮ್ಮ ಬಟ್ಟಲನ್ನು ಹಲಗೆಯ ಮೇಲಿಟ್ಟು ನೋಡುತ್ತಾ ಕೂರುತ್ತಿದ್ದರು. ದೋಣಿ ವಾಲಿ ಗಂಜಿ ಅಂಚು ಮುಟ್ಟಿದರೆ, "ಸಾಕು ಮಾರಾಯ, ಹಾಯಿ ಇಳಿಸುವ," ಎನ್ನುತ್ತಿದ್ದರು. ಗಾಳಿ ಅಳೆಯುವ ಯಂತ್ರ ಪಕ್ಕದಲ್ಲೇ ಇತ್ತು. ಅದನ್ನು ತಿರುಗಿಯೂ ನೋಡಿದವರಲ್ಲ.

ಒಮ್ಮೆ ಇನ್ನೊಂದು ದೋಣಿಯೊಂದಿಗೆ ಪಂದ್ಯ ಕಟ್ಟಿದೆವು. ಇನ್ನೇನು ಗೆಲ್ಲಬೇಕು, ಅದೇ ಮಾತು ಬಂತು. ಗೊಣಗುತ್ತಾ ಹಾಯಿ ಇಳಿಸಿದೆವು. ಆ ದೋಣಿಯವರು ನಗುತ್ತಾ ಮುಂದೆ ಹೋದರು. ಸ್ವಲ್ಪದರಲ್ಲೇ ಬಿರುಗಾಳಿ ಎದ್ದು ಅವರ ಹಾಯಿ ಹರಿಯಿತು. ಅವರನ್ನು ನಮ್ಮ ದೋಣಿಗೆ ಹತ್ತಿಸಿಕೊಂಡೆವು. ಆಡಿಕೊಳ್ಳಲು ನಾನು ಬಾಯಿ ತೆರೆಯುವಷ್ಟರಲ್ಲಿ, ಒದ್ದೆಯಾಗಿ ಕೂತಿದ್ದ ಒಬ್ಬನ ಕೈಗೆ ನಮ್ಮ ಹಿರಿಯರು ತಮ್ಮ ಬಟ್ಟಲನ್ನೇ ಇಟ್ಟರು.

"ಕುಡಿ ಮಾರಾಯ. ಚೆಲ್ಲಲಿಲ್ಲ, ಪೂರ್ತಿ ಉಂಟು."