ನನ್ನ ತಲೆಗೆ ಯಾವ ಸೂಜಿ

ಖಾನಾಪುರದ ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಮೊದಲು ಕಲಿತವಳು ನಾನು. ನಾವು ಜೈನರು. ಬಿಸ್ಕೀಟಿನಲ್ಲಿ ತತ್ತಿ ಇದೆಯೇ, ಚಾಕೊಲೇಟಿನಲ್ಲಿ ಜೆಲಟಿನ್ ಇದೆಯೇ ಎಂದು ಪಾಕೀಟು ತಿರುವಿ ಓದುವ ಕೆಲಸ ಸಣ್ಣವಳಿದ್ದಾಗಲೇ ನನಗೆ ಬಿತ್ತು. "ಓದಿ ಹೇಳ, ಯಾತರಿಂದ ಮಾಡ್ಯಾರ?" ಎಂದು ಅವ್ವ ಕೇಳುತ್ತಿದ್ದಳು. ನಾನು ಹೂಂ ಅನ್ನುವವರೆಗೆ ಅಪ್ಪನೂ ಬಾಯಿಗೆ ಹಾಕುತ್ತಿರಲಿಲ್ಲ. ನನಗೆ ಸೊಕ್ಕು ಬಂದಿದ್ದರೆ ಅಲ್ಲಿಂದಲೇ ಬಂದಿರಬೇಕು. ಬರಲಿ.

ಅದೇ ಸೊಕ್ಕಿನಲ್ಲಿ ದೇಸೂರ ದಾಟಿ ಬೆಳಗಾವಿಗೆ ರೈಲಿನಲ್ಲಿ ಓಡಾಡಿ ಬಿ.ಎಸ್ಸಿ. ಮುಗಿಸಿದೆ. ನಮ್ಮ ಮನೆತನದಲ್ಲಿ ಪದವಿಯ ಫೋಟೊ ಗೋಡೆ ಹತ್ತಿದ್ದು ಅದೇ ಮೊದಲು. ಫೋಟೊದಲ್ಲಿ ನನ್ನ ಜಡೆ ಹೆಗಲ ಮೇಲಿಂದ ಮುಂದೆ ಬಿದ್ದಿದೆ, ಮುಷ್ಟಿಯಲ್ಲಿ ಹಿಡಿಸದಷ್ಟು ದಪ್ಪ. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕೆಲಸ ಗಟ್ಟಿಯಾಗುತ್ತ ಬಂತು, ಜಡೆ ಸೊರಗುತ್ತ ಹೋಯಿತು. ಬೈತಲೆ ಅಗಲವಾಗಿ ನೆತ್ತಿಯ ಚರ್ಮ ಕಾಣತೊಡಗಿತು.

ಬೆಳಗಾವಿಯ ರಾಮತೀರ್ಥ ನಗರದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದ ದಿನ ಅವ್ವ ಕೂದಲನ್ನು ಓರೆಯಾಗಿ ಬಾಚಿ ಆ ಜಾಗ ಮುಚ್ಚಿದ್ದಳು. ಹುಡುಗನ ಅಕ್ಕ ಹೂ ಮುಡಿಸುವ ನೆವದಲ್ಲಿ ನನ್ನ ಹಿಂದೆ ನಿಂತರು. ಬೆರಳು ಹೂವಿನ ಮೇಲೆ ಇರಲಿಲ್ಲ, ನೆತ್ತಿಯ ಮೇಲೆ ಇತ್ತು. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವರೂ ಅಷ್ಟು ಸಾವಕಾಶ ನೋಡುವುದಿಲ್ಲ.

"ಎಲ್ಲಾ ಬರೋಬ್ಬರಿ ಐತ್ರಿ," ಎಂದರು ಅವ್ವನಿಗೆ. "ತಲೀದೊಂದು ನೆಟ್ಟಗ ಆಗ್ಲಿ, ಆಮ್ಯಾಲ ಮುಂದಿನ ಮಾತು ಆಡೂಣು. ನಮ್ಮ ಪರಿಚಯದ ಕ್ಲಿನಿಕ್ ಐತಿ, ನಾನ ಕರ್ಕೊಂಡು ಹೋಗ್ತೀನಿ."

ಒಳ್ಳೆಯ ಮನೆತನ ಕೈ ತಪ್ಪೀತು ಎಂದು ಅವ್ವನಿಗೆ ಭಯ. ನಾನು ಒಪ್ಪಿದ್ದು ಬೇರೆ ಕಾರಣಕ್ಕೆ. ನನ್ನ ಕೂದಲು ನನಗೆ ಬೇಕಿತ್ತು. ಕಲಿತವಳಿಗೆ ಕೂದಲಿನ ಚಿಂತೆ ಯಾಕೆ ಎಂದು ಉಪದೇಶ ಮಾಡುವವರು ಮೊದಲು ತಮ್ಮ ತಲೆ ಬೋಳಿಸಿಕೊಂಡು ಬರಲಿ.

ಕ್ಲಿನಿಕ್ಕಿನಲ್ಲಿ ಒಬ್ಬ ಹುಡುಗಿ ಸೀರೆ ಅಂಗಡಿಯಲ್ಲಿ ಸೀರೆ ಬಿಚ್ಚಿದ ಹಾಗೆ ಹೆಸರುಗಳನ್ನು ಬಿಚ್ಚಿದಳು. ಪಿ.ಆರ್.ಪಿ. ಎಂದರೆ ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರ ಹಳದಿ ಭಾಗವನ್ನು ನೆತ್ತಿಗೆ ಚುಚ್ಚುವುದು. ಜಿ.ಎಫ್.ಸಿ.ಯೂ ನಮ್ಮದೇ ರಕ್ತದ್ದು, ಆದರೆ ಬೇರೆ ಬಗೆಯ ನಳಿಕೆಯಲ್ಲಿ ಇನ್ನಷ್ಟು ಸೋಸಿದ್ದು. ಮೂರನೆಯದು ಎಕ್ಸೊಸೋಮ್, ಎಲ್ಲಕ್ಕಿಂತ ಹೊಸದು, ತಯಾರಾಗಿಯೇ ಡಬ್ಬಿಯಲ್ಲಿ ಬರುತ್ತದೆ.

"ಅದನ್ನ ಹಾಕ್ರಿ," ಎಂದರು ಅಕ್ಕ. ನನ್ನನ್ನು ಕೇಳಲಿಲ್ಲ. "ನಮ್ಮ ಮನಿಗೆ ಬರೋ ಹುಡುಗಿಗೆ ಹಳೇದು ಬ್ಯಾಡ."

"ಅದು ಯಾತರಿಂದ ಮಾಡ್ಯಾರ್ರಿ?" ಎಂದು ನಾನು ಕೇಳಿದೆ.

"ಲ್ಯಾಬ್‌ನಾಗ ಮಾಡಿದ್ದು ಮೇಡಮ್."

"ಎಲ್ಲಿ ಮಾಡ್ಯಾರ ಅಂತ ಕೇಳಲಿಲ್ಲ. ಯಾತರಿಂದ?"

"ಮನುಷ್ಯಾರ ಜೀವಕೋಶದಿಂದ ಮೇಡಮ್. ಪ್ಯೂರ್ ವೆಜ್!"

"ಮನುಷ್ಯಾರದು ವೆಜ್ ಹೆಂಗ ಆಗ್ತದವಾ?"

ಹುಡುಗಿ ಪಾಪ, ಕಲಿಸಿದ್ದನ್ನು ಹೇಳುತ್ತಿದ್ದಳು. ಡಬ್ಬಿ ಕೊಡು ಎಂದೆ. ತಿರುವಿದೆ. ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು, ಕನ್ನಡದಲ್ಲಿ ಗಟ್ಟಿಯಾಗಿ ಓದಿದೆ: ಚರ್ಮದ ಮೇಲೆ ಹಚ್ಚಲು ಮಾತ್ರ, ಚುಚ್ಚಲು ಅಲ್ಲ.

"ಎಲ್ಲಾರೂ ಚುಚ್ಚಿಸ್ಕೊಳ್ಳಾಕತ್ತಾರ ಮೇಡಮ್..."

"ಓದಿರಲಿಕ್ಕಿಲ್ಲ," ಎಂದು ಡಬ್ಬಿಯನ್ನು ಮೇಜಿನ ಮೇಲಿಟ್ಟು ಎದ್ದೆ.

ಮೆಟ್ಟಿಲು ಇಳಿಯುವಾಗ ಅಕ್ಕನ ಮುಖ ಕೆಂಪಾಗಿತ್ತು. "ಭಾಳ ಕಲ್ತರ ಹಿಂಗ ಆಗ್ತದ ನೋಡ. ಡಾಕ್ಟರ್‌ಗಿಂತ ಶಾಣ್ಯಾಕೇನ ನೀ?"

"ಡಾಕ್ಟರ್ ಎಲ್ಲಿದ್ರು ಅಕ್ಕಾರ? ನಾವು ಅವರ ಮಾರಿನ ನೋಡಲಿಲ್ಲಲ್ಲ."

"ನಮ್ಮ ಮನ್ಯಾಗ ಇಂಥಾ ಎದುರು ಮಾತು ನಡಿಯೂದಿಲ್ಲ," ಎಂದು ಆಟೋ ಹತ್ತಿದರು. ಒಬ್ಬರೇ.

ಮುಂದಿನ ವಾರ ಅವ್ವನನ್ನು ಕರೆದುಕೊಂಡು ಹಿಂದವಾಡಿಯ ಚರ್ಮದ ಡಾಕ್ಟರ ಹತ್ತಿರ ಹೋದೆ. ಆ ಡಾಕ್ಟರಮ್ಮನವರು ಸೂಜಿಯ ಮಾತನ್ನೇ ಎತ್ತದೆ ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಕಬ್ಬಿಣದ ಅಂಶ ಕಡಿಮೆ ಇತ್ತು, ಅದಕ್ಕೆ ಗುಳಿಗೆ ಕೊಟ್ಟರು, ನೆತ್ತಿಗೆ ಹಚ್ಚಲು ಔಷಧ ಬರೆದರು. ಆಮೇಲೆ ನಾನೇ ಕೇಳಿದೆ. ಎಕ್ಸೊಸೋಮ್ ಚುಚ್ಚಲು ಇಲ್ಲಿ ಪರವಾನಗಿ ಇಲ್ಲ, ತಾವು ಮಾಡುವುದೂ ಇಲ್ಲ ಎಂದರು. ಪಿ.ಆರ್.ಪಿ.ಗಿಂತ ಜಿ.ಎಫ್.ಸಿ. ಹೆಚ್ಚು ಎಂದು ಆಣೆ ಮಾಡಿ ಹೇಳುವಷ್ಟು ಪುರಾವೆ ತಮ್ಮ ಹತ್ತಿರ ಇಲ್ಲ ಎಂದರು.

"ಪಿ.ಆರ್.ಪಿ. ಮಾಡಿಸಿದ್ರ ಬರೂದು ಗ್ಯಾರಂಟಿ ಏನ್ರಿ?"

"ಇಲ್ಲ. ಕೆಲವರಿಗೆ ಬರ್ತದ, ಕೆಲವರಿಗೆ ಇಲ್ಲ. ಬಂದ್ರೂ ಆಗಾಗ ಮತ್ತ ಮಾಡಿಸ್ಬೇಕಾಗ್ತದ."

ಆ "ಇಲ್ಲ" ಕೇಳಿಯೇ ನನಗೆ ಧೈರ್ಯ ಬಂತು. ಪಿ.ಆರ್.ಪಿ. ಎಂದೆ.

ಯಂತ್ರದಿಂದ ಹೊರಬಂದ ನಳಿಕೆಯಲ್ಲಿ ಕೆಂಪು ಕೆಳಗೆ ಕೂತು ಹಳದಿ ಮೇಲೆ ನಿಂತಿತ್ತು. ಅವ್ವ ಬಗ್ಗಿ ನೋಡಿ ಪಿಸುಗುಟ್ಟಿದಳು, "ಯಾತರಿಂದ ಮಾಡ್ಯಾರ?"

"ನನ್ನಿಂದನ ಅವ್ವಾ."

ನೋವಾಗಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಹಣೆಯ ಹತ್ತಿರ ಚುಚ್ಚುವಾಗ ಕಣ್ಣಲ್ಲಿ ನೀರು ಬಂತು. ಅವ್ವ ನನ್ನ ಕೈ ಹಿಡಿದು ಣಮೋಕಾರ ಮಂತ್ರ ಹೇಳುತ್ತಿದ್ದಳು. ಕೆಲವು ಸಲ ಹೋಗಿ ಬಂದ ಮೇಲೆ ಬೈತಲೆಯ ಅಂಚಿನಲ್ಲಿ ಕೂಸಿನ ಕೂದಲಿನಂಥದ್ದು ಎದ್ದಿತು. ಫೋಟೊದ ಜಡೆ ಅಲ್ಲ. ಆದರೂ ಎದ್ದಿತು.

ಸುದ್ದಿ ರಾಮತೀರ್ಥ ನಗರಕ್ಕೂ ಮುಟ್ಟಿತು. ಅಕ್ಕನ ಫೋನು ಬಂತು. ದನಿಯಲ್ಲಿ ಸಕ್ಕರೆ. "ಕೂದಲಾ ಬರಾಕತ್ತಾವಂತಲ್ಲ? ಛಲೋ ಆತು. ಈಗ ನಮ್ಮ ಕಡಿಂದ ಹೂಂ ಐತಿ. ನಿಶ್ಚಯದ ಸುಪಾರಿ ಯಾವಾಗ ಇಟ್ಕೊಳ್ಳೂಣು?"

"ಅಕ್ಕಾರ, ನಿಮ್ಮ ಪಾಕೀಟೂ ತಿರುವಿ ಓದೇನ್ರಿ," ಎಂದೆ. "ನಮಗ ಬ್ಯಾಡ."

ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಒಂದ ಮಾತು ನನ್ನ ಕೇಳಿ ಹೇಳಬೇಕಿತ್ತು," ಎಂದಳು.

"ಕೇಳಿದ್ರ ನೀ ಏನ ಅಂತಿದ್ದಿ?"

ಅವ್ವ ಹಣಿಗೆ ತಂದು, ನನ್ನನ್ನು ಮುಂದೆ ಕೂಡಿಸಿಕೊಂಡಳು. ಈ ಸಲ ಓರೆಯಾಗಿ ಬಾಚಲಿಲ್ಲ. ನಟ್ಟ ನಡುವೆ ಬೈತಲೆ ತೆಗೆದಳು, ನೆತ್ತಿ ಎಷ್ಟು ಕಾಣುತ್ತದೋ ಅಷ್ಟು ಕಾಣುವ ಹಾಗೆ.

"ಮುಂದ ಬರೋರು," ಎಂದಳು, "ಬಂದ ಕೂಡ್ಲೆ ನೋಡ್ಕೊಂಡ ಬಿಡ್ಲಿ."