ಹಸುವಿಗೆ ಹೇಳಿದ ಮಾತು

ಶಿಕ್ಷೆ ಅನುಭವಿಸಿದವರು ಇಬ್ಬರು: ಹರವೆಯ ಮನೆಯಲ್ಲಿರುವ ನನ್ನ ತಾಯಿ ಮತ್ತು ಒಂದನೆಯ ತರಗತಿಯಲ್ಲಿ ಓದುವ ಅಣ್ಣನ ಮಗಳು. ತಪ್ಪು ಮಾಡಿದವರು ಗುಂಡ್ಲುಪೇಟೆಯ ಒಂದು ಖಾಸಗಿ ಶಾಲೆಯ ಆಡಳಿತ ಮಂಡಳಿ, ಅಣ್ಣ ಮತ್ತು ನಾನು. ನನ್ನನ್ನು ಕೊನೆಯಲ್ಲಿ ಸೇರಿಸಿಕೊಂಡಿದ್ದು ವಿನಯದಿಂದಲ್ಲ.

ಪ್ರವೇಶದ ಅರ್ಜಿ ಮನೆಮಾತು ಯಾವುದೆಂದು ಕೇಳಿತ್ತು. ನಮ್ಮದು ಕನ್ನಡ, ಗಡಿಯಾಚೆಯ ತಾಳವಾಡಿಯಿಂದ ಬಂದ ಅತ್ತಿಗೆ ಸಿಟ್ಟು ಬಂದಾಗ ಮಾತ್ರ ತಮಿಳಿಗೆ ಹೊರಳುತ್ತಾರೆ. ಆದರೆ ಇಂಗ್ಲಿಷ್ ಎಂದು ಬರೆಯದಿದ್ದರೆ ಸೀಟು ಸಿಗದೆಂಬುದು ನಮ್ಮೂರಿನ ಸರ್ವಸಮ್ಮತ ಶಾಸ್ತ್ರ. ಭಾಷಾ ಹಕ್ಕಿನ ಕುರಿತು ಸಭೆಗಳಲ್ಲಿ ಗಂಟೆಗಟ್ಟಲೆ ಕೊರೆದಿದ್ದ ನಾನೇ ದುಂಡಗೆ ಇಂಗ್ಲಿಷ್ ಎಂದು ಬರೆದೆ. ನನ್ನನ್ನು ಬಿಟ್ಟರೆ ಆ ಮನೆಯಲ್ಲಿ ಇಂಗ್ಲಿಷ್ ಇದ್ದದ್ದು ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಮೇಲೆ.

ಶಾಲೆ ನಮ್ಮ ಸುಳ್ಳನ್ನು ನಂಬಲಿಲ್ಲ, ಬಳಸಿಕೊಂಡಿತು. ಮನೆಯಲ್ಲಿ ಮಗುವಿನೊಡನೆ ಇಂಗ್ಲಿಷ್ ಮಾತ್ರ ಆಡಿದ್ದೇವೆಂದು ಪೋಷಕರು ದಿನವೂ ಡೈರಿಯಲ್ಲಿ ಸಹಿ ಹಾಕಬೇಕಿತ್ತು. ಅಣ್ಣ ಭಯಭಕ್ತಿಯಿಂದ ಹಾಕಿದ. ಕಮ್, ಈಟ್, ಸ್ಲೀಪ್ ಎಂಬಲ್ಲಿಗೆ ಅವನ ಭಾಷಾಸಂಪತ್ತು ಮುಗಿಯುತ್ತಿತ್ತು. ಅಷ್ಟು ನಮ್ಮ ನಾಯಿಗೂ ಅರ್ಥವಾಗುತ್ತಿತ್ತು. ಅದೂ ಬಾರದ ತಾಯಿಗೆ, ಮೊಮ್ಮಗಳನ್ನು ಮಾತನಾಡಿಸಬೇಡ ಎಂದುಬಿಟ್ಟ.

ಸೊಸೆಗೆ ಹೇಳಬೇಕಾದ್ದನ್ನು ದನಕ್ಕೆ ಹೇಳುವುದು ನಮ್ಮ ಕಡೆಯ ಅತ್ತೆಯರ ಹಳೆಯ ವಿದ್ಯೆ. ತಾಯಿ ಅದನ್ನೇ ಪ್ರಯೋಗಿಸಿದರು. ಹಸುವಿನ ಕೊರಳಡಿಯ ಗಂಗೆದೊಗಲು ನೇವರಿಸುತ್ತ, ಜಗಲಿಯಲ್ಲಿ ಕುಳಿತ ಮಗುವಿಗೆ ಕೇಳುವಂತೆ, “ಮುದ್ದೆ ಆರೋಯ್ತದ ಕಣಮ್ಮಿ, ಬಂದು ಉಂಡ್ಬುಡು” ಎನ್ನುತ್ತಿದ್ದರು. ಹಸು ಮೆಲುಕು ಹಾಕುತ್ತಿತ್ತು. ಮಗು ಎದ್ದು ಬಂದು ಉಣ್ಣುತ್ತಿತ್ತು. ಕಥೆ, ಒಗಟು, ಅಣ್ಣನ ಬಾಲ್ಯದ ಮಾನಗೇಡಿ ಪ್ರಸಂಗಗಳು, ಎಲ್ಲವೂ ಕೊಟ್ಟಿಗೆಯ ದಾರಿಯಲ್ಲೇ ಮಗುವನ್ನು ತಲುಪಿದವು. ಜಿಲ್ಲೆಯಲ್ಲಿ ಅಷ್ಟು ಸುಶಿಕ್ಷಿತ ಹಸು ಇನ್ನೊಂದಿರಲಾರದು.

ಒಂದು ದಿನ ತರಗತಿಯಲ್ಲಿ, ಮನೆಯಲ್ಲಿ ಯಾರು ಕನ್ನಡ ಮಾತನಾಡುತ್ತಾರೆಂದು ಟೀಚರ್ ಕೇಳಿದರಂತೆ. ಅಜ್ಜಿ ಹಸುವಿನ ಜೊತೆ ಮಾತಾಡುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ ಎಂದು ಮಗು ನಿಜ ಹೇಳಿತು. ಅವಳನ್ನು ಮೊದಲ ಸಾಲಿನಿಂದ ಎಬ್ಬಿಸಿ, ಹಿಂದಿನ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದರು. ಅಂದಿನಿಂದ ಅಜ್ಜಿ ಕೊಟ್ಟಿಗೆಗೆ ಹೋದೊಡನೆ ಅವಳು ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ.

ನಾನು ಊರಿಗೆ ಹೋದಾಗ ತಾಯಿ ಸೆಗಣಿ ಬಾಚುತ್ತಿದ್ದರು. ತಲೆ ಎತ್ತಲಿಲ್ಲ.

“ನಾ ಮಾತಾಡ್ತಿದ್ದದ್ದು ಹಸಿನ ಜೊತ ಕಣ್ಲಾ. ಆ ಕೂಸ್ಗ ಯಾಕ್ಲಾ ಶಿಕ್ಷ?” ಎಂದರು. ಬಾಚಿದ್ದನ್ನು ಬುಟ್ಟಿಗೆ ತುಂಬಿ, “ಬರ್ಕೊಟ್ಟವ್ನು ನೀನೇ ಅಲ್ವ?” ಎಂದರು.

ಹೌದು, ನಾನೇ. ಆಡಳಿತ ಮಂಡಳಿಯವರೇ, ಅರ್ಜಿಯಲ್ಲಿ ಬರೆದದ್ದು ಸುಳ್ಳೆಂದು ಒಪ್ಪಿ ಸಹಿ ಮಾಡಿದ ಪತ್ರವನ್ನು ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಸೋಮವಾರದ ಮೊದಲ ಪೀರಿಯಡ್ಡಿಗೆ ಮುಂಚೆ ಆ ಮಗುವನ್ನು ಮೊದಲ ಸಾಲಿಗೆ ಕರೆತನ್ನಿ. ಡೈರಿಯಿಂದ ಆ ಸಹಿಯ ಗೆರೆಯನ್ನು ತೆಗೆಯಿರಿ. ಅಜ್ಜಿಯ ಮಾತು ಕೇಳಿಸಿಕೊಳ್ಳುವುದು ತಪ್ಪಲ್ಲವೆಂದು ಇಡೀ ತರಗತಿಯ ಎದುರು ಅವಳಿಗೆ ಹೇಳಿ, ಕನ್ನಡದಲ್ಲಿ.