ರಬ್ಬರ್ ಗಿಡಕ್ಕೆ ಎಣ್ಣೆಸ್ನಾನ

ಬಬಲೇಶ್ವರದಲ್ಲಿರುವ ನಮ್ಮ ಅಕ್ಕ ತಾನೇ ಬೆಳೆಸಿದ ರಬ್ಬರ್ ಗಿಡವನ್ನು ಕುಂಡದ ಸಮೇತ ನನಗೆ ಕೊಟ್ಟಿದ್ದಳು. "ಚಂದಂಗ ನೋಡ್ಕೊ, ಇಲ್ಲಂದ್ರ ವಾಪಸ್ ಒಯ್ತೀನಿ" ಎಂದು ಎಚ್ಚರಿಸಿಯೇ ಕೊಟ್ಟಿದ್ದಳು. ಜಲನಗರದ ನಮ್ಮ ಮನೆಗೆ ಧೂಳು ಬಹಳ. ಅಕ್ಕ ಬರುವಷ್ಟರಲ್ಲಿ ಎಲೆಗಳು ಮಿಂಚಬೇಕೆಂದು ದಿನಾ ಕೊಬ್ಬರಿ ಎಣ್ಣೆ ಹಚ್ಚತೊಡಗಿದೆ. ಮೇಲೂ ಹಚ್ಚಿದೆ, ಅಡಿಗೂ ಹಚ್ಚಿದೆ. ಕೆಲವು ದಿನಕ್ಕೆ ಎರಡು ಎಲೆ ಹಳದಿಯಾಗಿ ಉದುರಿದವು. ಗಾಬರಿಯಾಗಿ ಉಳಿದವಕ್ಕೆ ಇನ್ನಷ್ಟು ಹಚ್ಚಿದೆ.

ಅಕ್ಕ ಬಂದವಳೇ ಒಂದು ಎಲೆ ಹೊರಳಿಸಿ ಮುಟ್ಟಿದಳು, ಬೆರಳು ಮೂಸಿದಳು.

"ಏನ್ ಬೇ, ಇದಕ್ಕ ಹೆರಳ ಹಾಕಾಕಿ ಇದ್ದಿ ಏನ?"

"ಹೊಳೀಲಿ ಅಂತ ಹಚ್ಚೀನಿ, ಯಕ್ಕಾ."

"ಎಲಿ ಅಡಿಗೆ ಕಣ್ಣಿಗೆ ಕಾಣದಂಥ ತೂತ ಇರ್ತಾವ. ಗಾಳಿ ಒಳಗ ಹೊರಗ ಆಡೂದು ಅಲ್ಲೇ. ನಿನ್ನ ಮೂಗಿನ್ಯಾಗ ಎಣ್ಣಿ ತುಂಬಿ ಕುಂದ್ರಸ್ಲೇನ?"

ಗಿಡ ಒಯ್ದೇ ಬಿಡುತ್ತಾಳೆಂದು ನಾನು ಕುಂಡಕ್ಕೆ ಅಡ್ಡವಾಗಿ ಕುಳಿತೆ.

"ಎಣ್ಣಿ ಹಚ್ಚಿದಾಕೀನ ನೀರೂ ಎರೀಬೇಕು" ಎಂದಳು.

ತೆಳ್ಳಗೆ ಸೋಪಿನ ನೀರು ಮಾಡಿ, ಒಂದೊಂದೇ ಎಲೆಯನ್ನು ಅಂಗೈ ಮೇಲಿಟ್ಟುಕೊಂಡು ಕೂಸಿಗೆ ಎರೆದಂತೆ ಎರೆದೆ. ಅಕ್ಕ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತ, "ಅಡಿಗೆ ತಿಕ್ಕು, ಮೆಲ್ಲಕ" ಎನ್ನುತ್ತಿದ್ದಳು.

ಸಂಜೆ ಬಸ್ಸಿನ ಹೊತ್ತಿಗೆ ಅವಳ ಕೈ ಕುಂಡದ ಕಡೆ ಹೋಯಿತು. ಅವಳು ಎತ್ತಲಿಲ್ಲ, ಧೂಳು ಬೀಳದ ಮೂಲೆಗೆ ಸರಿಸಿದಳು.

"ಇಲ್ಲೇ ಇರಲಿ. ಇನ್ನ ಮ್ಯಾಲೆ ಹಸಿ ಅರಿವಿಲೆ ಒರಸು, ಅಷ್ಟ. ನಾ ಯಾವಾಗ ಬಂದು ಮೂಸಿ ನೋಡ್ತೀನೋ ಹೇಳಾಕ ಬರಂಗಿಲ್ಲ."